ಒಳಕಿವಿ ಹೇಳುವ ಸುಳ್ಳು

1999ರ ಜುಲೈ 16, ಶುಕ್ರವಾರ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಅಂದು ಸಂಜೆ ಸಣ್ಣ ವಿಮಾನ ಹಾರಿಸುತ್ತಿದ್ದ ಪೈಲಟ್ ಒಬ್ಬರು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಡೆ ಕಣ್ಣು ಹಾಯಿಸಿದರು. ಕೆಳಗೆ ಒಂದು ದೀಪವೂ ಕಾಣಲಿಲ್ಲ. ದ್ವೀಪಕ್ಕೆ ದ್ವೀಪವೇ ಕರೆಂಟ್ ಹೋಗಿರಬೇಕು ಅಂದುಕೊಂಡರು. ಕರೆಂಟ್ ಹೋಗಿರಲಿಲ್ಲ. ಬೇಸಿಗೆಯ ಸೆಖೆಯಲ್ಲಿ ಸಮುದ್ರದ ಮೇಲೆ ಕವಿದಿದ್ದ ಮಬ್ಬು ದೀಪಗಳನ್ನೆಲ್ಲ ನುಂಗಿತ್ತು. ಮೇಲೆ ಚುಕ್ಕಿ, ಕೆಳಗೆ ಊರು, ನಡುವೆ ದಿಗಂತದ ಗೆರೆ, ಹೀಗೆ ಕಣ್ಣಿಗೆ ಆಧಾರವಾಗಬೇಕಾದ ಯಾವುದೂ ಅಲ್ಲಿರಲಿಲ್ಲ.

ಅದೇ ಮಬ್ಬಿನೊಳಗೆ ಇನ್ನೊಂದು ಪುಟ್ಟ ವಿಮಾನ ಬರುತ್ತಿತ್ತು. ಒಂದೇ ಎಂಜಿನ್ನಿನ, ಆರು ಸೀಟಿನ ಪೈಪರ್ ಸಾರಟೋಗ. ಹಾರಿಸುತ್ತಿದ್ದವನು 38 ವರ್ಷದ ಜಾನ್ ಎಫ್. ಕೆನೆಡಿ ಜೂನಿಯರ್. 1963ರ ನವೆಂಬರಿನಲ್ಲಿ, ತನ್ನ ಮೂರನೆಯ ಹುಟ್ಟುಹಬ್ಬದ ದಿನವೇ, ಕೊಲೆಯಾದ ಅಧ್ಯಕ್ಷ ತಂದೆಯ ಶವಪೆಟ್ಟಿಗೆಗೆ ಪುಟ್ಟ ಕೈಯೆತ್ತಿ ಸೆಲ್ಯೂಟ್ ಹೊಡೆದ ಹುಡುಗ. ಆ ಫೋಟೊ ನೋಡದವರು ಕಡಿಮೆ. ದೊಡ್ಡವನಾದ ಮೇಲೆ ವಕೀಲಿಕೆ ಮಾಡಿ, 'ಜಾರ್ಜ್' ಎಂಬ ರಾಜಕೀಯ ಪತ್ರಿಕೆಗೆ ಸಂಪಾದಕನಾಗಿ, 1998ರ ಏಪ್ರಿಲಿನಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಪಡೆದಿದ್ದ. ವರ್ಷ ತುಂಬುವ ಹೊತ್ತಿಗೆ ಈ ವಿಮಾನ ಕೊಂಡಿದ್ದ. ಅಂದು ಜೊತೆಯಲ್ಲಿ ಹೆಂಡತಿ ಕ್ಯಾರೊಲಿನ್ ಮತ್ತು ಅವಳ ಅಕ್ಕ ಲಾರೆನ್ ಇದ್ದರು. ಲಾರೆನ್‌ಳನ್ನು ಮಾರ್ಥಾಸ್ ವಿನ್‌ಯಾರ್ಡ್‌ನಲ್ಲಿ ಇಳಿಸಿ, ಗಂಡ ಹೆಂಡತಿ ಅಲ್ಲಿಂದ ಹಯಾನಿಸ್‌ಗೆ ಹೋಗಿ, ಮರುದಿನ ಚಿಕ್ಕಪ್ಪನ ಮಗಳ ಮದುವೆಗೆ ಸೇರಿಕೊಳ್ಳಬೇಕಿತ್ತು.

ನ್ಯೂಜೆರ್ಸಿಯ ಎಸೆಕ್ಸ್ ಕೌಂಟಿ ವಿಮಾನ ನಿಲ್ದಾಣದಿಂದ ಅವರು ಹೊರಟಾಗ ರಾತ್ರಿ 8 ಗಂಟೆ 38 ನಿಮಿಷ. ಕತ್ತಲಾಗುತ್ತಿತ್ತು. ಕನೆಕ್ಟಿಕಟ್ ಕರಾವಳಿಯ ದೀಪಗಳನ್ನು ಎಡಗಡೆ ಇಟ್ಟುಕೊಂಡು 5,500 ಅಡಿ ಎತ್ತರದಲ್ಲಿ ಹಾರಿದ ವಿಮಾನ, ರೋಡ್ ಐಲೆಂಡ್‌ನ ಪಾಯಿಂಟ್ ಜೂಡಿತ್ ದಾಟಿದ ಮೇಲೆ ದಡ ಬಿಟ್ಟು ನೇರ ಸಮುದ್ರಕ್ಕೆ ನುಗ್ಗಿತು. ದಡದ ಜೊತೆಗೇ ಹೋಗಿದ್ದರೆ ದಾರಿ ಸ್ವಲ್ಪ ಸುತ್ತು, ಆದರೆ ಕೆಳಗೆ ದೀಪಗಳಿರುತ್ತಿದ್ದವು. ದ್ವೀಪ ಇನ್ನೂ 34 ಮೈಲಿ ಇರುವಾಗ ಇಳಿಯತೊಡಗಿತು. 2,500 ಅಡಿಯ ಸುಮಾರಿಗೆ ಬಂದಾಗ ರೇಡಾರ್ ದಾಖಲೆಯಲ್ಲಿ ವಿಚಿತ್ರವಾದ ಗೆರೆಗಳು ಮೂಡತೊಡಗುತ್ತವೆ. ಬಲಕ್ಕೆ ಒಂದು ತಿರುವು, ಸ್ವಲ್ಪ ಏರು, ಎಡಕ್ಕೆ ಇನ್ನೊಂದು, ಮತ್ತೆ ಬಲಕ್ಕೆ. ಆ ಕೊನೆಯ ಬಲತಿರುವು ನಿಲ್ಲಲಿಲ್ಲ. ಸುತ್ತುತ್ತ ಸುತ್ತುತ್ತ ವಿಮಾನ ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಕುಸಿಯಿತು. 9 ಗಂಟೆ 41 ನಿಮಿಷಕ್ಕೆಲ್ಲ ಮುಗಿದಿತ್ತು. ಐದು ದಿನಗಳ ನಂತರ, ಸುಮಾರು 120 ಅಡಿ ಆಳದಿಂದ ನೌಕಾಪಡೆಯ ಮುಳುಗುಗಾರರು ಮೂವರ ದೇಹಗಳನ್ನು ಮೇಲೆತ್ತಿದರು.

ಪತ್ರಿಕೆಗಳು, ಟಿವಿಗಳು ಮರುದಿನವೇ 'ಕೆನೆಡಿ ಶಾಪ'ದ ಕಥೆ ಹೊರತೆಗೆದವು. ಪಟ್ಟಿ ಸಿದ್ಧವಾಗಿಯೇ ಇತ್ತು. ದೊಡ್ಡಪ್ಪ ಜೋಸೆಫ್ 1944ರಲ್ಲಿ ಸ್ಫೋಟಕ ತುಂಬಿದ ಯುದ್ಧವಿಮಾನದಲ್ಲಿ ಇಂಗ್ಲೆಂಡಿನ ಮೇಲೆ ಸಿಡಿದುಹೋಗಿದ್ದ. ಸೋದರತ್ತೆ ಕ್ಯಾಥ್ಲೀನ್ 1948ರಲ್ಲಿ ಫ್ರಾನ್ಸಿನಲ್ಲಿ ಬಿದ್ದ ಸಣ್ಣ ವಿಮಾನದಲ್ಲಿ ಸತ್ತಿದ್ದಳು. ಚಿಕ್ಕಪ್ಪ ಟೆಡ್ 1964ರಲ್ಲಿ ಅಂಥದೇ ಅಪಘಾತದಲ್ಲಿ ಬೆನ್ನು ಮುರಿದುಕೊಂಡು ಬದುಕಿಕೊಂಡಿದ್ದ. ಶಾಪದ ಕಥೆ ಹೇಳುವವರಿಗೂ ಕೇಳುವವರಿಗೂ ಒಂದು ಅನುಕೂಲ ಇದೆ: ಆಮೇಲೆ ಇನ್ನೇನನ್ನೂ ವಿಚಾರಿಸಬೇಕಾಗಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮಾತ್ರ ವಿಚಾರಿಸಿತು, ಸುಮಾರು ಒಂದು ವರ್ಷ. 2000ದ ಜುಲೈನಲ್ಲಿ ಬಂದ ಅದರ ವರದಿಯಲ್ಲಿ ಶಾಪಕ್ಕೆ ಜಾಗವಿಲ್ಲ. ಎಂಜಿನ್ ಸರಿಯಿತ್ತು, ರೆಕ್ಕೆ ಸರಿಯಿತ್ತು, ಯಂತ್ರದಲ್ಲಿ ಮೊದಲೇ ಇದ್ದ ದೋಷ ಯಾವುದೂ ಸಿಗಲಿಲ್ಲ. ರಾತ್ರಿ ನೀರಿನ ಮೇಲೆ ಇಳಿಯುವಾಗ ಪೈಲಟ್‌ಗೆ ದಿಕ್ಕು ತಪ್ಪಿ ವಿಮಾನ ಹತೋಟಿ ಮೀರಿತು, ಮಬ್ಬೂ ಕತ್ತಲೂ ಅದಕ್ಕೆ ಕಾರಣವಾದವು ಎಂದು ವರದಿ ಹೇಳಿತು.

ದಿಕ್ಕು ತಪ್ಪುವುದು ಎಂದರೆ ಇಲ್ಲಿ ಊರು ಯಾವ ಕಡೆ ಎಂದು ತಿಳಿಯದಿರುವುದಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಎಂದೇ ತಿಳಿಯದಿರುವುದು.

ನಮ್ಮ ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ಪುಟ್ಟ ನಾಳಗಳಿವೆ, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಹಿಂದುಳಿಯುತ್ತದೆ. ಆ ವ್ಯತ್ಯಾಸವನ್ನು ಕೂದಲಿನಂಥ ನರತಂತುಗಳು ಮಿದುಳಿಗೆ ತಿಳಿಸುತ್ತವೆ. ಚೊಂಬಿನಲ್ಲಿ ನೀರು ತುಂಬಿ ಚೊಂಬನ್ನು ನಿಂತಲ್ಲೇ ತಿರುಗಿಸುತ್ತ ಹೋಗಿ. ಮೊದಲು ನೀರು ಅಲ್ಲಾಡದೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಅದೂ ಚೊಂಬಿನ ಜೊತೆಗೇ ಸುತ್ತತೊಡಗುತ್ತದೆ. ಒಳಕಿವಿಯಲ್ಲೂ ಅಷ್ಟೇ. ತಿರುವು ಹತ್ತಿಪ್ಪತ್ತು ಸೆಕೆಂಡು ಒಂದೇ ಸಮ ಮುಂದುವರಿದರೆ ದ್ರವವೂ ಜೊತೆಗೂಡಿಬಿಡುತ್ತದೆ, ಆಗ ಮಿದುಳಿಗೆ 'ನೇರವಾಗಿ ಹೋಗುತ್ತಿದ್ದೇವೆ' ಎಂಬ ಸುದ್ದಿ ಮುಟ್ಟುತ್ತದೆ. ತಿರುವು ತೀರ ನಿಧಾನವಾಗಿ ಶುರುವಾದರಂತೂ ಮೊದಲಿನಿಂದಲೇ ಗೊತ್ತಾಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಬಲಕ್ಕೆ ವಾಲಿದ್ದ ವಿಮಾನವನ್ನು ನೇರ ಮಾಡಿದ ಕೂಡಲೇ ಎಡಕ್ಕೆ ಬೀಳುತ್ತಿದ್ದೇವೆ ಅನ್ನಿಸುತ್ತದೆ. ಪೈಲಟ್ ಅದನ್ನು 'ಸರಿಪಡಿಸಲು' ಮತ್ತೆ ಬಲಕ್ಕೆ ವಾಲಿಸುತ್ತಾನೆ. ಈಗ ಅವನಿಗೆ ಹಾಯೆನಿಸುತ್ತದೆ. ವಿಮಾನ ಮಾತ್ರ ಸುರುಳಿ ಸುತ್ತತೊಡಗಿರುತ್ತದೆ.

ವಾಲಿದ ವಿಮಾನದ ಮೂತಿ ತಾನಾಗಿ ಕೆಳಗಿಳಿಯುತ್ತದೆ. ಎತ್ತರ ಕಡಿಮೆಯಾಗುತ್ತಿರುವುದು ಉಪಕರಣದಲ್ಲಿ ಕಾಣುತ್ತದೆ. ರೆಕ್ಕೆ ಸಮವಾಗಿದೆ ಎಂದು ನಂಬಿರುವ ಪೈಲಟ್ ಸ್ಟಿಕ್ಕನ್ನೋ ಚಕ್ರವನ್ನೋ ತನ್ನತ್ತ ಎಳೆಯುತ್ತಾನೆ. ರೆಕ್ಕೆ ವಾಲಿರುವಾಗ ಹೀಗೆ ಎಳೆದರೆ ವಿಮಾನ ಏರುವುದಿಲ್ಲ. ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಇಂಗ್ಲಿಷ್ ಮಾತಾಡುವ ಪೈಲಟ್‌ಗಳು ಇದನ್ನು ಸ್ಮಶಾನದ ಸುರುಳಿ ಎನ್ನುತ್ತಾರೆ. ಕೆನೆಡಿಯ ವಿಮಾನದ ರೇಡಾರ್ ಗೆರೆ ಅದರ ಪಾಠಪುಸ್ತಕದ ಚಿತ್ರದಂತಿದೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಜನರನ್ನು ಆರಿಸಿ, ಹೊರಗೇನೂ ಕಾಣದಂತೆ ಮಾಡಿ, ಪಕ್ಕದಲ್ಲಿ ಬೋಧಕರನ್ನು ಕೂರಿಸಿ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನ ಕೊಟ್ಟರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ವಿಮಾನವನ್ನು ಹತೋಟಿ ತಪ್ಪಿಸಿದರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಮ್ಮಿ. ಒಬ್ಬನಿಗಂತೂ 20 ಸೆಕೆಂಡು ಸಾಕಾಯಿತು. ಈ 178 ಎಂಬ ಸಂಖ್ಯೆ ಇಂದಿಗೂ ಫ್ಲೈಯಿಂಗ್ ಸ್ಕೂಲುಗಳಲ್ಲಿ ಹೊಸಬರನ್ನು ಹೆದರಿಸಲು ಬಳಕೆಯಾಗುತ್ತದೆ. ಪ್ರಯೋಗದ ಉತ್ತರಾರ್ಧ ಅಷ್ಟು ಪ್ರಸಿದ್ಧವಲ್ಲ, ಆದರೆ ಹೆಚ್ಚು ಮುಖ್ಯ: ಉಪಕರಣ ನಂಬಿ ಹಿಂದಕ್ಕೆ ತಿರುಗಿ ಬರುವ ಒಂದು ಸರಳ ಕ್ರಮವನ್ನು ಸ್ವಲ್ಪ ಹೊತ್ತು ಕಲಿಸಿದ ಮೇಲೆ ಅದೇ ಜನ ಹೆಚ್ಚುಕಡಿಮೆ ಪ್ರತಿ ಸಲವೂ ಪಾರಾದರು.

ಅಂದರೆ ಮದ್ದು ಇರಲಿಲ್ಲ ಎಂದಲ್ಲ. 1929ರ ಸೆಪ್ಟೆಂಬರ್ 24ರಂದೇ ಜಿಮ್ಮಿ ಡೂಲಿಟಲ್ ಎಂಬ ಅಮೆರಿಕನ್ ಸೇನಾ ಪೈಲಟ್ ತನ್ನ ಆಸನದ ಸುತ್ತ ಪರದೆ ಮುಚ್ಚಿಕೊಂಡು, ಹೊರಗೆ ನೋಡದೆಯೇ ವಿಮಾನವನ್ನು ಏರಿಸಿ, ಸುತ್ತಿಸಿ, ಇಳಿಸಿ ತೋರಿಸಿದ್ದ. ಅವನ ಮುಂದಿದ್ದ ಸಲಕರಣೆಗಳಲ್ಲಿ ಸ್ಪೆರಿ ಕಂಪನಿಯ ಕೃತಕ ದಿಗಂತ ಮುಖ್ಯವಾದದ್ದು. ಒಳಗೆ ಜೋರಾಗಿ ತಿರುಗುವ ಗೈರೊ ಇರುವ ಈ ಉಪಕರಣ, ವಿಮಾನ ಎಷ್ಟೇ ವಾಲಲಿ, ನಿಜವಾದ ದಿಗಂತ ಎಲ್ಲಿದೆ ಎಂದು ತೋರಿಸುತ್ತದೆ. ಅದನ್ನು ಓದುವುದು ಕಷ್ಟವಲ್ಲ. ಮೈಯೆಲ್ಲ 'ಬಲಕ್ಕೆ, ಬಲಕ್ಕೆ' ಎಂದು ಕೂಗುತ್ತಿರುವಾಗ ಅದನ್ನು ನಂಬುವುದು ಕಷ್ಟ. ಆ ನಂಬಿಕೆಯನ್ನು ಅಭ್ಯಾಸ ಮಾಡಿಸಿ, ಪರೀಕ್ಷೆ ಮಾಡಿ ಕೊಡುವ ಅರ್ಹತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂದು ಹೆಸರು.

ಕೆನೆಡಿಗೆ ಅದಿರಲಿಲ್ಲ. ಫ್ಲಾರಿಡಾದಲ್ಲಿ ಅದರ ಕೋರ್ಸಿಗೆ ಸೇರಿ, 25 ಪಾಠಗಳಲ್ಲಿ 12 ಮುಗಿಸಿದ್ದ. ಒಟ್ಟು ಹಾರಾಟದ ಅನುಭವ ಸುಮಾರು 310 ಗಂಟೆ, ಈ ವಿಮಾನದಲ್ಲಿ 36 ಗಂಟೆ. ಅದರಲ್ಲೂ ಬೋಧಕರಿಲ್ಲದೆ ಇದನ್ನು ಹಾರಿಸಿದ್ದು ಬರೀ ಮೂರು ಗಂಟೆ, ಬೋಧಕರಿಲ್ಲದೆ ರಾತ್ರಿ ಹಾರಿಸಿದ್ದು ಒಂದು ಗಂಟೆಯೂ ಇಲ್ಲ. ಅಂದು ಬೋಧಕರೊಬ್ಬರು ಜೊತೆಗೆ ಬರುತ್ತೇನೆಂದಿದ್ದರು; ತಾನೊಬ್ಬನೇ ಹಾರಿಸಬೇಕೆಂದು ಅವನು ಬೇಡವೆಂದ. ಕೆಲವು ವಾರಗಳ ಹಿಂದೆ ಪ್ಯಾರಾಗ್ಲೈಡಿಂಗ್‌ನಲ್ಲಿ ಮುರಿದುಕೊಂಡಿದ್ದ ಕಾಲ್ಗಿಣ್ಣಿನ ಪಟ್ಟಿ ಹಿಂದಿನ ದಿನವಷ್ಟೇ ಬಿಚ್ಚಿದ್ದರು. ವಿಮಾನದಲ್ಲಿ ಆಟೊಪೈಲಟ್ ಇತ್ತು.

ಇಷ್ಟನ್ನೂ ಒಟ್ಟಿಗೆ ಓದಿದವರಿಗೆ ಇದು ಶ್ರೀಮಂತ ಹುಡುಗನ ಉದ್ಧಟತನ ಎನ್ನಿಸಬಹುದು. ಅಷ್ಟು ಸುಲಭವಲ್ಲ. ಅವನು ಕಾನೂನು ಮುರಿದಿರಲಿಲ್ಲ. ಹೊರಡುವ ಮೊದಲು ಹವಾಮಾನ ನೋಡಿಕೊಂಡಿದ್ದ. ದೃಷ್ಟಿ ನಂಬಿ ಹಾರಲು ನಿಯಮ ಕೇಳುವುದಕ್ಕಿಂತ ಹೆಚ್ಚೇ ದೂರ ಕಾಣುತ್ತದೆಂದು ಮುನ್ಸೂಚನೆ ಹೇಳಿತ್ತು. ಅದೇ ದಾರಿಯಲ್ಲಿ ಹಿಂದೆಯೂ ಹಲವು ಸಲ ಹೋಗಿಬಂದಿದ್ದ. ಲೈಸೆನ್ಸ್ ಅವನಿಗೆ ಹಾರುವ ಹಕ್ಕು ಕೊಟ್ಟಿತ್ತು, ಬ್ಯಾಂಕಿನ ಖಾತೆ ವಿಮಾನ ಕೊಟ್ಟಿತ್ತು. ಇವೆರಡೂ ಸಿಗುವ ವೇಗಕ್ಕೂ ಕಿವಿಯನ್ನು ನಂಬದಿರಲು ಕಲಿಯುವ ವೇಗಕ್ಕೂ ಇರುವ ಅಂತರದಲ್ಲಿ ಅವನು ಸಿಕ್ಕಿಬಿದ್ದ. ಖಾಸಗಿ ಹಾರಾಟದ ಇತಿಹಾಸದ ತುಂಬ ಇದೇ ಅಂತರ ಇದೆ.

ವಿಮಾನವನ್ನು ಮನೆಮನೆಯ ವಾಹನ ಮಾಡಬೇಕೆಂಬ ಆಸೆ ಅಮೆರಿಕದವರಿಗೆ ಬಹಳ ಹಳೆಯದು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ 'ಜೆನ್ನಿ' ವಿಮಾನಗಳನ್ನು ಅಗ್ಗಕ್ಕೆ ಕೊಂಡ ಹುಡುಗರು ಊರೂರ ಹೊಲಗಳಲ್ಲಿ ಇಳಿದು, ದುಡ್ಡು ತೆಗೆದುಕೊಂಡು ಜನರನ್ನು ಒಂದು ಸುತ್ತು ಹಾರಿಸಿದರು. 1933ರಲ್ಲಿ ಸರ್ಕಾರದ ವಿಮಾನಯಾನ ಅಧಿಕಾರಿ ಯೂಜೀನ್ ವಿಡಾಲ್ 700 ಡಾಲರಿನ ವಿಮಾನವೊಂದನ್ನು ಮಾಡಿಸಿ ಜನಸಾಮಾನ್ಯರ ಕೈಗಿಡುತ್ತೇನೆಂದು ಹೊರಟರು. ಅದು ಕೈಗೂಡಲಿಲ್ಲ. ಕೈಗೂಡಿಸಿದ್ದು ಪೆನ್ಸಿಲ್ವೇನಿಯಾದ ಎಣ್ಣೆ ವ್ಯಾಪಾರಿ ವಿಲಿಯಂ ಪೈಪರ್. ಅವರ ಕಂಪನಿಯ ಹಳದಿ ಬಣ್ಣದ ಪೈಪರ್ ಕಬ್ ಜೆ-3 ಸುಮಾರು 20,000 ತಯಾರಾಯಿತು. ಎರಡನೆಯ ಮಹಾಯುದ್ಧಕ್ಕೆ ಹೋದ ಅಸಂಖ್ಯ ಪೈಲಟ್‌ಗಳು ಮೊದಲ ಸಲ ಆಕಾಶ ಕಂಡದ್ದು ಇದರಲ್ಲೇ.

ಯುದ್ಧ ಮುಗಿಯಿತು. ಮನೆಗೆ ಮರಳಿದ ಪೈಲಟ್‌ಗಳೆಲ್ಲ ವಿಮಾನ ಕೊಳ್ಳುತ್ತಾರೆಂದು ಕಂಪನಿಗಳು ಲೆಕ್ಕ ಹಾಕಿದವು. 1946 ಒಂದೇ ವರ್ಷ ಸುಮಾರು 35,000 ಲಘು ವಿಮಾನಗಳನ್ನು ಮಾಡಿ ನಿಲ್ಲಿಸಿದವು. ಮೇಸೀಸ್ ಎಂಬ ದೊಡ್ಡ ಅಂಗಡಿ, ಬಟ್ಟೆ ಪಾತ್ರೆ ಮಾರುವ ಅಂಗಡಿ, ಎರ್‌ಕೂಪ್ ಎಂಬ ವಿಮಾನವನ್ನೂ ಮಾರಾಟಕ್ಕಿಟ್ಟಿತು! ಎರ್‌ಕೂಪ್‌ನ ವಿನ್ಯಾಸಗಾರ ಫ್ರೆಡ್ ವೀಕ್ ಅದಕ್ಕೆ ಕಾಲಿನ ಪೆಡಲುಗಳನ್ನೇ ಇಟ್ಟಿರಲಿಲ್ಲ. ಕಾರಿನಂತೆ ಸ್ಟಿಯರಿಂಗ್ ತಿರುಗಿಸಿದರಾಯಿತು. ಗಿರಗಿರನೆ ತಿರುಗಿ ಬೀಳದ ಹಾಗೆ ವಿಮಾನವೇ ನೋಡಿಕೊಳ್ಳುತ್ತಿತ್ತು. ಸೊಗಸಾದ ಯೋಚನೆ. ಆದರೆ ಕೊಳ್ಳುವವರು ಲೆಕ್ಕದಷ್ಟು ಬರಲಿಲ್ಲ. ಎರಡೇ ವರ್ಷದಲ್ಲಿ ಉತ್ಪಾದನೆ ಐದನೆಯ ಒಂದು ಭಾಗಕ್ಕೆ ಕುಸಿಯಿತು.

ನಿಜವಾದ ಏರುಗಾಲ ಬಂದದ್ದು ಸೆಸ್ನಾ 172ರ ಜೊತೆ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ನಾಲ್ಕು ಸೀಟಿನ ವಿಮಾನ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಪ್ರಪಂಚದಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಬೇರೆ ವಿಮಾನವಿಲ್ಲ. ಮೂತಿಯ ಕೆಳಗೂ ಒಂದು ಚಕ್ರ ಇಟ್ಟು ಇಳಿಯುವುದನ್ನು ಸುಲಭ ಮಾಡಿದ್ದು ಅದರ ಹೆಚ್ಚುಗಾರಿಕೆ. ಎಷ್ಟು ಸುಲಭವೆಂದರೆ, 1987ರ ಮೇ 28ರಂದು ಪಶ್ಚಿಮ ಜರ್ಮನಿಯ 18 ವರ್ಷದ ಹುಡುಗ ಮಥಿಯಾಸ್ ರಸ್ಟ್ ಇಂಥದೇ ಒಂದು ಸೆಸ್ನಾವನ್ನು ಹೆಲ್ಸಿಂಕಿಯಿಂದ ಹಾರಿಸಿಕೊಂಡು ಹೋಗಿ, ಸೋವಿಯತ್ ವಾಯುರಕ್ಷಣೆಯನ್ನೆಲ್ಲ ದಾಟಿ, ಮಾಸ್ಕೋದ ಕೆಂಪು ಚೌಕದ ಪಕ್ಕದಲ್ಲೇ ಇಳಿಸಿದ. ರಕ್ಷಣಾ ಮಂತ್ರಿ ಕೆಲಸ ಕಳೆದುಕೊಂಡರು.

1978ರಲ್ಲಿ ಅಮೆರಿಕದ ಕಂಪನಿಗಳು 17,800ಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಮಾಡಿದವು. ಆಮೇಲೆ ಇಳಿತ. ಬಿದ್ದ ಪ್ರತಿ ವಿಮಾನಕ್ಕೂ, ಅದು ಮೂವತ್ತು ವರ್ಷ ಹಳೆಯದಾಗಿರಲಿ, ತಯಾರಿಸಿದವರ ಮೇಲೆ ಪರಿಹಾರದ ದಾವೆ ಬೀಳತೊಡಗಿತು. 1986ರಲ್ಲಿ ಸೆಸ್ನಾ ಸಣ್ಣ ಎಂಜಿನ್ನಿನ ವಿಮಾನಗಳನ್ನು ಮಾಡುವುದನ್ನೇ ನಿಲ್ಲಿಸಿತು, 1991ರಲ್ಲಿ ಪೈಪರ್ ದಿವಾಳಿ ಅರ್ಜಿ ಹಾಕಿತು. 1994ರಲ್ಲಿ ಹೊಸ ಕಾನೂನು ಬಂದು, 18 ವರ್ಷ ದಾಟಿದ ವಿಮಾನಕ್ಕೆ ತಯಾರಕರು ಹೊಣೆಯಲ್ಲ ಎಂದಾದ ಮೇಲೆ ಸೆಸ್ನಾ ಮತ್ತೆ ಕಾರ್ಖಾನೆ ತೆರೆಯಿತು. ಕೆನೆಡಿಯ ಸಾರಟೋಗ ಈ ಮರುಹುಟ್ಟಿನ ಕಾಲದ ಕೂಸು, 1995ರ ವಿಮಾನ.

ಈ ಎಲ್ಲ ಏರಿಳಿತದ ನಡುವೆ ಒಂದು ಬಗೆಯ ಅಪಘಾತ ಮಾತ್ರ ತಪ್ಪದೆ ಬರುತ್ತಲೇ ಇತ್ತು. ಬೀಚ್‌ಕ್ರಾಫ್ಟ್ ಬೊನಾಂಜಾ ವೇಗದ, ಚೆಂದದ, ದುಬಾರಿ ವಿಮಾನ. ದುಡ್ಡಿರುವ, ಪುರಸೊತ್ತಿಲ್ಲದ ಡಾಕ್ಟರು ವಕೀಲರು ಅದನ್ನು ಕೊಂಡು, ತಮ್ಮ ಪಳಗಿಕೆ ಮೀರಿದ ಹವೆಯಲ್ಲಿ ಹಾರಿ ಸಾಯುತ್ತಿದ್ದುದರಿಂದ ಅದಕ್ಕೆ 'ಡಾಕ್ಟರರನ್ನು ಕೊಲ್ಲುವ ವಿಮಾನ' ಎಂಬ ಅಡ್ಡಹೆಸರೇ ಬಿತ್ತು. 1959ರ ಫೆಬ್ರುವರಿ 3ರ ಮಧ್ಯರಾತ್ರಿ ಕಳೆದ ಮೇಲೆ ಅಯೋವಾದ ಹಿಮದಲ್ಲಿ ಬಿದ್ದದ್ದೂ ಒಂದು ಬೊನಾಂಜಾ. ಅದರಲ್ಲಿದ್ದವರು ರಾಕ್ ಸಂಗೀತದ ಆ ಕಾಲದ ತಾರೆ ಬಡಿ ಹಾಲಿ ಮತ್ತು ಜೊತೆಯ ಇಬ್ಬರು ಗಾಯಕರು. ಬಾಡಿಗೆ ವಿಮಾನದ 21 ವರ್ಷದ ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಸಾಲದ್ದಕ್ಕೆ ಆ ವಿಮಾನದ ದಿಗಂತ ಉಪಕರಣ ಅವನು ಕಲಿತದ್ದಕ್ಕೆ ತದ್ವಿರುದ್ಧವಾಗಿ ಏರಿಳಿತ ತೋರಿಸುವ ಹಳೆಯ ಮಾದರಿಯದಾಗಿತ್ತು. ನಲವತ್ತು ವರ್ಷದ ನಂತರ ಮಾರ್ಥಾಸ್ ವಿನ್‌ಯಾರ್ಡ್ ಬಳಿ ನಡೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಹೆಚ್ಚಿಲ್ಲ.

ಭಾರತದಲ್ಲಿ ಖಾಸಗಿ ಹಾರಾಟ ಶುರುವಾದದ್ದು ಬಲು ಸೊಗಸಾಗಿ. 1929ರ ಫೆಬ್ರುವರಿ 10ರಂದು ಜೆ.ಆರ್.ಡಿ. ಟಾಟಾ ಪಡೆದ ಲೈಸೆನ್ಸಿನ ಮೇಲೆ ಬರೆದಿದ್ದ ಸಂಖ್ಯೆ 1. ಮರುವರ್ಷ, ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಘೋಷಿಸಿದ್ದ ಬಹುಮಾನಕ್ಕಾಗಿ ಟಾಟಾ ಕರಾಚಿಯಿಂದ ಆ ಕಡೆಗೆ ಹೊರಟರು, ಹದಿಹರೆಯದ ಆಸ್ಪಿ ಎಂಜಿನಿಯರ್ ಆ ಕಡೆಯಿಂದ ಈ ಕಡೆಗೆ. ಈಜಿಪ್ಟಿನಲ್ಲಿ ಇಬ್ಬರೂ ಎದುರಾದರು. ಸ್ಪಾರ್ಕ್ ಪ್ಲಗ್ ಇಲ್ಲದೆ ಕೂತಿದ್ದ ಆಸ್ಪಿಗೆ ಟಾಟಾ ತಮ್ಮ ಬಳಿಯಿದ್ದದ್ದನ್ನು ಕೊಟ್ಟರು. ಬಹುಮಾನ ಆಸ್ಪಿಯ ಪಾಲಾಯಿತು. ಅದೇ ಆಸ್ಪಿ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. 1936ರಲ್ಲಿ ಸರಳಾ ಠಕ್ರಾಲ್ 21ನೆಯ ವಯಸ್ಸಿಗೆ, ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನ ಹಾರಿಸಿ ಲೈಸೆನ್ಸ್ ಪಡೆದರು.

ಬೆಂಗಳೂರಿಗೆ ಈ ಕಥೆಯಲ್ಲಿ ದೊಡ್ಡ ಪಾತ್ರವಿದೆ. ಊರಿಗೆ ಊರೇ ಯುದ್ಧವಿಮಾನಗಳ ಬಗ್ಗೆ ಹೆಮ್ಮೆಪಡುತ್ತದೆ. ಆದರೆ ಇಲ್ಲಿನ ಎಚ್‌ಎಎಲ್ 1958ರಲ್ಲಿ ಪುಷ್ಪಕ್ ಎಂಬ ಎರಡು ಸೀಟಿನ ಪುಟ್ಟ ವಿಮಾನವನ್ನೂ ಹಾರಿಸಿತ್ತು ಎಂಬುದು ಎಷ್ಟು ಜನರಿಗೆ ನೆನಪಿದೆ? ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹಂಚಿಹೋದವು. ಎಚ್‌ಎಎಲ್ ಮಗ್ಗುಲಲ್ಲೇ ಇರುವ ಎನ್‌ಎಎಲ್ ಸಂಸ್ಥೆ 1993ರಲ್ಲಿ ಹಂಸ ಎಂಬ ಸಣ್ಣ ವಿಮಾನ ಹಾರಿಸಿತು. 2021ರ ಸೆಪ್ಟೆಂಬರಿನಲ್ಲಿ ಅದರ ಹೊಸ ರೂಪ ಹಂಸ-ಎನ್‌ಜಿ ಮೊದಲ ಸಲ ಮೇಲೇರಿತು. ಬಳ್ಳಾರಿ ರಸ್ತೆಯ ಪಕ್ಕದ ಜಕ್ಕೂರಿನಲ್ಲಿ ಸರ್ಕಾರಿ ಫ್ಲೈಯಿಂಗ್ ಸ್ಕೂಲ್ 1940ರ ದಶಕದ ಕೊನೆಯಿಂದ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹೆಲಿಕಾಪ್ಟರ್ ಬಾಡಿಗೆ ಕಂಪನಿ ನಡೆಸಿದ್ದೂ ಜಕ್ಕೂರಿನಿಂದಲೇ.

ಜಕ್ಕೂರು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಮಾತ್ರ ಬೇರೆಯೇ. 2004ರ ಏಪ್ರಿಲ್ 17, ಶನಿವಾರ ಬೆಳಗ್ಗೆ. ಲೋಕಸಭಾ ಚುನಾವಣೆಯ ಪ್ರಚಾರಕ್ಕೆಂದು ನಟಿ ಸೌಂದರ್ಯ ಕರೀಂನಗರಕ್ಕೆ ಹೊರಟಿದ್ದರು. ಮುಳಬಾಗಿಲ ಕಡೆಯ ಹುಡುಗಿ, ತೆಲುಗು ನಾಡಿನ ಮನೆಮಾತು, 'ದ್ವೀಪ' ಚಿತ್ರವನ್ನು ತಾವೇ ನಿರ್ಮಿಸಿ, ನಟಿಸಿ, ಸ್ವರ್ಣಕಮಲ ತಂದವರು. ಅವರೂ ಅಣ್ಣ ಅಮರನಾಥರೂ ಸೇರಿ ನಾಲ್ವರಿದ್ದ ಸೆಸ್ನಾ 180 ಜಕ್ಕೂರಿನ ರನ್‌ವೇ ಬಿಟ್ಟ ಕೆಲವೇ ಕ್ಷಣಗಳಲ್ಲಿ ಪಕ್ಕದ ಜಿಕೆವಿಕೆಯ ಹೊಲದಲ್ಲಿ ಬಿದ್ದು ಹೊತ್ತಿಕೊಂಡಿತು. ಯಾರೂ ಉಳಿಯಲಿಲ್ಲ. 'ಆಪ್ತಮಿತ್ರ' ತೆರೆಗೆ ಬಂದಾಗ ಅದರ ನಾಯಕಿ ಇರಲಿಲ್ಲ.

ನಮ್ಮಲ್ಲಿನ ಸಣ್ಣ ವಿಮಾನಗಳ ಕಥೆ ಅಮೆರಿಕದ್ದಕ್ಕಿಂತ ಎಲ್ಲಿ ಬೇರೆ ಎಂಬುದು ಇಲ್ಲಿ ಕಾಣುತ್ತದೆ. ಅಲ್ಲಿ ಹಾರಿಸುವವನೇ ಯಜಮಾನ. ಇಲ್ಲಿ ಯಜಮಾನ, ಅತಿಥಿ, ಅಭ್ಯರ್ಥಿ ಹಿಂದೆ ಕೂರುತ್ತಾರೆ. ಮುಂದೆ ಸಂಬಳದ ಪೈಲಟ್. 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ಮೇಲೆ ತಾವೇ ಪಿಟ್ಸ್ ವಿಮಾನದಲ್ಲಿ ಲಾಗ ಹಾಕುತ್ತ ಬಿದ್ದು ಸತ್ತ ಸಂಜಯ ಗಾಂಧಿ ಇದಕ್ಕೆ ಅಪವಾದ. ಉಳಿದವರನ್ನು ನೋಡಿ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಸಭೆಯೊಂದಕ್ಕೆ ಹೋಗುವಾಗ ಮೈನ್‌ಪುರಿ ಬಳಿ, 2002ರ ಮಾರ್ಚ್‌ನಲ್ಲಿ ಲೋಕಸಭಾಧ್ಯಕ್ಷ ಬಾಲಯೋಗಿ ಹೆಲಿಕಾಪ್ಟರಿನಲ್ಲಿ, 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ ಮಳೆಗಾಲದ ನಲ್ಲಮಲ ಕಾಡಿನ ಮೇಲೆ. ಒಂದೊಂದಕ್ಕೂ ಕಾರಣ ಬೇರೆ ಬೇರೆ, ನಿಜ. ಆದರೆ ಎಲ್ಲರೂ ಎಲ್ಲಿಗೋ ಹೊತ್ತಿಗೆ ಸರಿಯಾಗಿ ತಲುಪಬೇಕಿತ್ತು. ಪ್ರಚಾರದ ಮೈದಾನದಲ್ಲಿ ಸಾವಿರಾರು ಜನ ಕಾಯುತ್ತಿರುವಾಗ 'ಇವತ್ತು ಬೇಡ ಸಾರ್, ಮೋಡ ಇದೆ' ಎಂದು ಹೇಳಬೇಕಾದವನು ತಿಂಗಳ ಸಂಬಳದ ಪೈಲಟ್. ಮದುವೆಗೆ ಹೊರಟ ಕೆನೆಡಿ ಆ ಮಾತನ್ನು ತನಗೆ ತಾನೇ ಹೇಳಿಕೊಳ್ಳಬೇಕಿತ್ತು. ಎರಡರಲ್ಲಿ ಯಾವುದು ಕಷ್ಟ ಎಂದು ಹೇಳುವುದು ಸುಲಭವಲ್ಲ.

ಯಂತ್ರ ಮಾಡುವವರು ಸುಮ್ಮನೆ ಕೂತಿಲ್ಲ. ಅಲನ್ ಮತ್ತು ಡೇಲ್ ಕ್ಲಾಪ್‌ಮೈಯರ್ ಎಂಬ ಸಹೋದರರು ಕಟ್ಟಿದ ಸಿರಸ್ ಕಂಪನಿಯ ಮೊದಲ ಎಸ್‌ಆರ್-20 ವಿಮಾನ ಗ್ರಾಹಕನ ಕೈಸೇರಿದ್ದು, ಕಾಕತಾಳೀಯವೆನ್ನಿ, ಅದೇ 1999ರ ಜುಲೈನಲ್ಲಿ. ಅಣ್ಣ ಅಲನ್ 1985ರಲ್ಲಿ ಆಕಾಶದಲ್ಲೇ ಎರಡು ವಿಮಾನಗಳು ಡಿಕ್ಕಿಯಾಗಿ ಹೇಗೋ ಬದುಕಿ ಬಂದಿದ್ದ. ಆ ಅನುಭವದ ಫಲವಾಗಿ ಇಡೀ ವಿಮಾನಕ್ಕೇ ಒಂದು ಪ್ಯಾರಾಶೂಟ್ ಕಟ್ಟಿದರು. ಚಾವಣಿಯ ಕೆಂಪು ಹಿಡಿ ಎಳೆದರೆ ಪುಟ್ಟ ರಾಕೆಟ್ಟು ಪ್ಯಾರಾಶೂಟನ್ನು ಹೊರಗೆಳೆಯುತ್ತದೆ, ವಿಮಾನ ಜನರ ಸಮೇತ ತೂಗಾಡುತ್ತ ಇಳಿಯುತ್ತದೆ. 2002ರ ಅಕ್ಟೋಬರಿನಲ್ಲಿ ಟೆಕ್ಸಸ್‌ನಲ್ಲಿ ಅದು ಮೊದಲ ಜೀವ ಉಳಿಸಿತು. ಈಗ ಆ ಲೆಕ್ಕ 200 ದಾಟಿದೆ.

ಇಷ್ಟಾದರೂ ಮೊದಲ ಹತ್ತು ವರ್ಷ ಸಿರಸ್ ಅಪಘಾತಗಳಲ್ಲಿ ಸಾಯುವವರ ಪ್ರಮಾಣ ಬೇರೆ ವಿಮಾನಗಳಿಗಿಂತ ಕಡಿಮೆಯೇನೂ ಇರಲಿಲ್ಲ. ಪೈಲಟ್‌ಗಳು ಹಿಡಿ ಎಳೆಯುತ್ತಿರಲಿಲ್ಲ! ಕೆಲವರಿಗೆ ಅದು ಸೋಲು ಒಪ್ಪಿಕೊಂಡಂತೆ, ಕೆಲವರಿಗೆ ದುಬಾರಿ ವಿಮಾನ ಹಾಳಾದೀತೆಂಬ ಯೋಚನೆ, ಇನ್ನು ಕೆಲವರಿಗೆ ಆ ಗಳಿಗೆಯಲ್ಲಿ ನೆನಪೇ ಆಗುತ್ತಿರಲಿಲ್ಲ. ಹಿಡಿ ಎಳೆಯುವುದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ, ಎಳೆದವನನ್ನು ಹೀಯಾಳಿಸಬಾರದೆಂದು ಸಿರಸ್ ಮಾಲೀಕರ ಸಂಘವೂ ಕಂಪನಿಯೂ ಪಟ್ಟುಹಿಡಿದ ಮೇಲೆ ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಿತು. ಇಲಿನಾಯ್‌ನಲ್ಲಿ 1954ರಲ್ಲಿ ಕಂಡದ್ದೇ ಇಲ್ಲೂ ಕಂಡಿತು. 2020ರಿಂದೀಚೆಗೆ ಗಾರ್ಮಿನ್ ಕಂಪನಿಯ ಇನ್ನೊಂದು ಏರ್ಪಾಡು ಬಂದಿದೆ. ಪೈಲಟ್ ಎಚ್ಚರ ತಪ್ಪಿದರೆ ಪ್ರಯಾಣಿಕ ಒಂದು ಗುಂಡಿ ಒತ್ತಿದರೆ ಸಾಕು, ಹತ್ತಿರದ ನಿಲ್ದಾಣ ಹುಡುಕಿ, ನಿಯಂತ್ರಣ ಕೇಂದ್ರಕ್ಕೆ ತಾನೇ ಮಾತಾಡಿ ತಿಳಿಸಿ, ವಿಮಾನ ತಾನಾಗಿ ಇಳಿಯುತ್ತದೆ.

ಅಮೆರಿಕದಲ್ಲಿ ಸಣ್ಣ ವಿಮಾನಗಳ ಮಾರಣಾಂತಿಕ ಅಪಘಾತ ಈಗ ಒಂದು ಲಕ್ಷ ಹಾರಾಟದ ಗಂಟೆಗೆ ಸುಮಾರು ಒಂದು. ಹಿಂದಿನ ದಶಕಗಳಿಗೆ ಹೋಲಿಸಿದರೆ ಇದು ಒಳ್ಳೆಯ ಅಂಕಿ, ದೊಡ್ಡ ವಿಮಾನ ಕಂಪನಿಗಳಿಗೆ ಹೋಲಿಸಿದರೆ ಬಹಳ ಕೆಟ್ಟದ್ದು. ಕತ್ತಲು, ಮಬ್ಬು, ಮೋಡಗಳಲ್ಲಿ ದಿಕ್ಕು ತಪ್ಪುವುದು ಈ ಅಪಘಾತಗಳ ಕಾರಣಗಳಲ್ಲಿ ಈಗಲೂ ಇದೆ. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಜನ ಲಾಸ್ ಏಂಜಲಿಸ್ ಹತ್ತಿರದ ಗುಡ್ಡಕ್ಕೆ ಬಡಿದ ಹೆಲಿಕಾಪ್ಟರಿನಲ್ಲಿ ಸತ್ತರು. ಅದರ ಪೈಲಟ್ ಅನುಭವಿ, ಇನ್‌ಸ್ಟ್ರುಮೆಂಟ್ ರೇಟಿಂಗ್ ಇದ್ದವರು. ಮೋಡದೊಳಗೆ ಎಡಕ್ಕೆ ತಿರುಗಿ ಇಳಿಯುತ್ತಿದ್ದಾಗಲೇ ಅವರು ರೇಡಿಯೊದಲ್ಲಿ ತಾನು ಮೇಲೇರುತ್ತಿದ್ದೇನೆಂದು ಹೇಳಿದ್ದರು.

ಖಾಸಗಿ ಹಾರಾಟದ ಬಾಗಿಲು ಮಾತ್ರ ಇನ್ನಷ್ಟು ಅಗಲವಾಗುತ್ತಿದೆ. ಪ್ರತಿ ವರ್ಷ ಜುಲೈ ಕೊನೆಗೆ ವಿಸ್ಕಾನ್ಸಿನ್‌ನ ಓಶ್‌ಕೋಶ್‌ನಲ್ಲಿ ನಡೆಯುವ ಖಾಸಗಿ ಹಾರಾಟಗಾರರ ಜಾತ್ರೆಗೆ ಸುಮಾರು 10,000 ವಿಮಾನಗಳು ಬಂದು ಸೇರುತ್ತವೆ. 2025ರ ಜಾತ್ರೆಯಲ್ಲಿ ಅಮೆರಿಕ ಸರ್ಕಾರ ಹೊಸ ನಿಯಮಗಳನ್ನು ಪ್ರಕಟಿಸಿತು. ಕನಿಷ್ಠ 20 ಗಂಟೆ ತರಬೇತಿಯ 'ಸ್ಪೋರ್ಟ್ ಪೈಲಟ್' ಲೈಸೆನ್ಸ್ ಇರುವವರು ಅಲ್ಲಿಯವರೆಗೆ ಎರಡು ಸೀಟಿನ ಹಗುರ ವಿಮಾನಗಳಿಗಷ್ಟೇ ಸೀಮಿತರಾಗಿದ್ದರು. ಹೊಸ ನಿಯಮದಂತೆ ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನಗಳನ್ನೂ ಹಾರಿಸಬಹುದು. ಹಗಲು ಹೊತ್ತಿನಲ್ಲಾದರೆ ವೈದ್ಯಕೀಯ ಪ್ರಮಾಣಪತ್ರವೂ ಬೇಕಿಲ್ಲ, ಕಾರಿನ ಡ್ರೈವಿಂಗ್ ಲೈಸೆನ್ಸ್ ಸಾಕು. ರಾತ್ರಿ ಹಾರಬೇಕೆಂದರೆ ಅದು ಸಾಲದು: ವೈದ್ಯಕೀಯ ಅರ್ಹತೆ ಬೇಕು, ಬೋಧಕರ ಜೊತೆ ಕತ್ತಲಲ್ಲಿ ಹಾರಿ ಅಭ್ಯಾಸ ಮಾಡಿ ಅವರ ಸಹಿಯನ್ನೂ ಹಾಕಿಸಿಕೊಳ್ಳಬೇಕು.